ಎಲ್ಲದಕ್ಕೂ ಹೂಂ ಅನ್ನುತ್ತಿದ್ದ ಅತ್ತೆ

ನಮ್ಮ ಮನೆಯಲ್ಲಿ ಬೇರೆ ಏನಕ್ಕೆ ಕೊರತೆ ಇದ್ದರೂ ಅನುಮಾನಕ್ಕೆ ಇರಲಿಲ್ಲ. ಹಾಲಿನವನು ನೀರು ಬೆರೆಸಿದ್ದಾನೆ, ಸೀಮೆಎಣ್ಣೆಯವನು ಅಳತೆಯಲ್ಲಿ ಕೈಚಳಕ ತೋರಿಸಿದ್ದಾನೆ, ಪಕ್ಕದ ಮನೆಯಾಕೆ ಬೆಳಗ್ಗೆಯೇ ನಕ್ಕಳೆಂದರೆ ಸಂಜೆಯೊಳಗೆ ಏನಾದರೂ ಕೇಳಿಕೊಂಡು ಬರುತ್ತಾಳೆ, ಹೀಗೆ ಅಮ್ಮನ ದಿನ ಶುರುವಾಗುತ್ತಿತ್ತು. ಅವಳನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಅವಳಿಂದ ನನಗೆ ಪೂರ್ತಿಯಾಗಿ ಬಂದ ಆಸ್ತಿ ಇದೊಂದೇ. ಈಗಲೂ ಯಾರಾದರೂ ನನ್ನನ್ನು ಹೊಗಳಿದರೆ, ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂದೇ ಮೊದಲು ಯೋಚಿಸುತ್ತೇನೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾವು ರಾಜಾಜಿನಗರದಲ್ಲಿದ್ದೆವು. ಅಪ್ಪ ದಾವಣಗೆರೆ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತವರು. ನಾನು ಪಿಯುಸಿ ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಮದುವೆಗೆ ಕಾಯುತ್ತಿದ್ದೇನೆ ಎಂದು ಮನೆಯವರು ತಿಳಿದಿದ್ದರು. ಅಪ್ಪನದು ಮಾತು ಕಡಿಮೆ. ತಿಂಗಳಿಗೊಂದು ಭಾನುವಾರ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, "ಕೆಂಗೇರಿಗೆ ಹೋಗ್ಬರ್ತೀನಿ, ಅಲ್ಲೊಬ್ಬ ಸ್ನೇಹಿತ ಇದಾನೆ" ಎಂದು ಹೊರಟರೆ ಸಂಜೆಗೆ ವಾಪಸ್ಸು. ಆ ಸ್ನೇಹಿತ ಒಂದು ಸಲವೂ ನಮ್ಮ ಮನೆಗೆ ಬಂದವನಲ್ಲ. ಅವನ ಮನೆಯ ಮದುವೆ, ಗೃಹಪ್ರವೇಶ ಯಾವುದಕ್ಕೂ ನಮಗೆ ಕರೆ ಬಂದಿರಲಿಲ್ಲ.

ಅಮ್ಮ ಇದನ್ನು ಎಷ್ಟೋ ವರ್ಷ ನುಂಗಿಕೊಂಡಿದ್ದಳು. ಒಂದು ಶನಿವಾರ ಅಪ್ಪನ ಕೈಚೀಲದಲ್ಲಿ ಪೇಪರಿನಲ್ಲಿ ಸುತ್ತಿದ ಗಾಜಿನ ಬಳೆ ಸಿಕ್ಕಿತು. ಕೆಂಪು ಬಳೆ. ಅವು ಅಮ್ಮನ ಕೈಗೂ ಆಗುವಂಥವಲ್ಲ, ನನ್ನ ಕೈಗೂ ಆಗುವಂಥವಲ್ಲ.

"ಕೆಂಗೇರೀಲಿ ಇನ್ನೊಂದು ಸಂಸಾರ ಇದೆ ಕಣೇ," ಎಂದಳು ನನಗೆ ಮಾತ್ರ ಕೇಳುವಂತೆ. ಅಳಲಿಲ್ಲ. ಬಳೆಯನ್ನು ಇದ್ದ ಹಾಗೇ ಸುತ್ತಿ ಇದ್ದ ಜಾಗದಲ್ಲೇ ಇಟ್ಟಳು.

ಮಾರನೇ ದಿನ ನಾವಿಬ್ಬರೂ ದೇವಸ್ಥಾನಕ್ಕೆ ಹೋಗುವವರ ಹಾಗೆ ಅಪ್ಪನಿಗಿಂತ ಮೊದಲೇ ಮನೆ ಬಿಟ್ಟೆವು. ಹಿಂದೆ ಹೋದರೆ ಸಿಕ್ಕಿಬೀಳುತ್ತೇವೆ, ಮುಂದೆ ಹೋಗಿ ಕಾದಿರೋಣ ಎನ್ನುವುದು ಅಮ್ಮನ ಲೆಕ್ಕಾಚಾರ. ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸಿ ಕೆಂಗೇರಿಯಲ್ಲಿ ಇಳಿದು, ಒಂದು ಹೂವಿನಂಗಡಿಯ ಮರೆಯಲ್ಲಿ ನಿಂತೆವು. ಅಮ್ಮ ಸೆರಗನ್ನು ತಲೆ ತುಂಬ ಹೊದ್ದುಕೊಂಡಿದ್ದಳು. ಹಾಗೆ ಹೊದ್ದುಕೊಂಡದ್ದರಿಂದಲೇ ಎಲ್ಲರೂ ಅವಳನ್ನು ತಿರುಗಿ ತಿರುಗಿ ನೋಡುತ್ತಿದ್ದರು. ಅಪ್ಪ ಬಸ್ಸಿಳಿದು, ಊರಿನ ಮನೆಗಳನ್ನೆಲ್ಲ ದಾಟಿ, ಹೊಲಗಳ ನಡುವಿನ ಒಂದು ದೊಡ್ಡ ಕಾಂಪೌಂಡಿನ ಗೇಟಿನೊಳಗೆ ಹೋದರು. ಹೊರಗೆ ಬೋರ್ಡು ಇತ್ತು. ಆ ಹೆಸರು ಈಗ ಬೇಡ. ಸುತ್ತಲಿನವರು ಅದನ್ನು ಬರೀ ಹೋಮ್ ಅನ್ನುತ್ತಿದ್ದರು. ಬುದ್ಧಿ ಬೆಳೆಯದವರನ್ನು ಇಡುವ ಜಾಗ. ಒಳಗೆ ಹೋದವರು ಹೊರಗೆ ಬರುವುದು ಅಪರೂಪವಾಗಿತ್ತು.

ಸ್ವಲ್ಪ ಹೊತ್ತು ಬಿಟ್ಟು ನಾವೂ ಒಳಗೆ ಹೋದೆವು. ಒಳಗೆ ಉದ್ದನೆಯ ಶೀಟಿನ ಕಟ್ಟಡಗಳು. ಒಂದೇ ಬಣ್ಣದ ನಿಲುವಂಗಿ ತೊಟ್ಟ, ಕೂದಲು ಮೋಟಾಗಿ ಕತ್ತರಿಸಿದ ಹೆಂಗಸರು ನೆರಳಿದ್ದಲ್ಲಿ ಕೂತಿದ್ದರು. ಮರದ ಕೆಳಗಿನ ಕಲ್ಲಿನ ಮೇಲೆ ಅಪ್ಪ ಅವರಲ್ಲೊಬ್ಬರ ಕೈ ಹಿಡಿದು, ನಿಧಾನವಾಗಿ, ಗಾಜು ಒಡೆಯದ ಹಾಗೆ ಬಳೆ ತೊಡಿಸುತ್ತಿದ್ದರು. ಅಮ್ಮ ಜಗಳಕ್ಕೆ ನಿಂತವಳ ನಡಿಗೆಯಲ್ಲಿ ಹೋದವಳು ಅವರ ಮುಂದೆ ತಡೆದು ನಿಂತಳು. ಆ ಹೆಂಗಸಿನ ಮುಖದಲ್ಲಿ ಇದ್ದದ್ದು ಅಪ್ಪನದೇ ಮೂಗು.

"ನಮ್ಮಕ್ಕ," ಎಂದರು ಅಪ್ಪ, ತಲೆ ಎತ್ತದೆ.

"ಅಕ್ಕ ಇದಾರೆ ಅಂತ ಯಾಕೆ ಹೇಳ್ಲಿಲ್ಲ?"

"ಮದುವೆ ಮಾತಾಡುವಾಗ ನಿಮ್ಮಪ್ಪ ಕೇಳ್ಲಿಲ್ಲ."

ಆ ಹೆಂಗಸು ನಮ್ಮಿಬ್ಬರನ್ನೂ ನೋಡಿ "ಹೂಂ" ಎಂದರು. ಯಾರೂ ಏನೂ ಕೇಳಿರಲಿಲ್ಲ.

ಅಪ್ಪನಿಂದ ಆಮೇಲೆ ಕೆದಕಿ ಕೆದಕಿ ತಿಳಿದ ಕತೆ ಇಷ್ಟು. ಅತ್ತೆ ಹುಟ್ಟಿದಾಗಿನಿಂದಲೂ ಎಲ್ಲದರಲ್ಲೂ ನಿಧಾನ. ನಡೆದದ್ದು ತಡ, ಮಾತು ಬಂದದ್ದು ತಡ, ಶಾಲೆ ಹತ್ತಲೇ ಇಲ್ಲ. ಅಜ್ಜಿ ಇರುವವರೆಗೆ ನಡೆಯಿತು. ಅಜ್ಜಿ ತೀರಿಕೊಂಡ ಮೇಲೆ ತಾತ ಮಗಳನ್ನು ಬೆಂಗಳೂರಿಗೆ ಕರೆತಂದು ಹೋಮಿಗೆ ಸೇರಿಸಿ, ಊರಿನಲ್ಲಿ ಯಾರು ಕೇಳಿದರೂ ಏನೂ ಹೇಳದೆ ಉಳಿದರು. ಅಪ್ಪ ಈ ಊರಿಗೇ ಕೆಲಸ ಹುಡುಕಿಕೊಂಡು ಬಂದದ್ದು ಆ ಕಾರಣಕ್ಕೇ ಇರಬೇಕು. ಅವರು ಹಾಗೆ ಹೇಳಲಿಲ್ಲ, ನಾನು ಊಹಿಸಿದ್ದು.

ನಾವು ಅಲ್ಲಿ ನಿಂತಿರುವಾಗಲೇ ಹೋಮಿನ ಸೂಪರಿಂಟೆಂಡೆಂಟ್ ಬಂದರು. ಹೊಸದಾಗಿ ಬಂದಿದ್ದ, ಕನ್ನಡಕ ಹಾಕಿದ, ಉತ್ಸಾಹದ ಮನುಷ್ಯ. ಹೆಂಡತಿ ಮಗಳು ಬಂದಿದ್ದಾರೆ ಎಂದು ತಿಳಿದು ಅವರಿಗೆ ಹಬ್ಬವೇ ಆಯಿತು. ತಾವೇ ಉಣ್ಣುವ, ಸ್ನಾನ ಮಾಡುವ, ಬಟ್ಟೆ ಹಾಕಿಕೊಳ್ಳುವ ಜನರನ್ನು ಇಲ್ಲಿ ಕೂಡಿಹಾಕಬೇಕಾಗಿಲ್ಲ, ಅವರು ಮನೆಗಳಲ್ಲಿ, ನಾಲ್ಕು ಜನರ ನಡುವೆ ಬದುಕಬೇಕು ಎಂದರು. ಮೊದಲು ಪರೀಕ್ಷೆಗೆಂದು ಕಳಿಸುತ್ತಾರಂತೆ, ನಡುನಡುವೆ ಯಾರಾದರೂ ಬಂದು ನೋಡುತ್ತಾರಂತೆ, ಹೊಂದಿಕೊಂಡರೆ ಅಲ್ಲೇ ಕಾಯಂ.

"ಇಷ್ಟು ವರ್ಷ ಇಟ್ಕೊಂಡವರು ಈಗ ಯಾಕೆ ಸಾರ್ ಕಳಿಸ್ತೀರ?" ಅಮ್ಮ ಕೇಳಿದಳು. "ಏನಾದ್ರೂ ಕಾಯಿಲೇನಾ?"

"ಕಾಯಿಲೆ ಏನಿಲ್ಲಮ್ಮ. ಬೇಕಾದ್ರೆ ಅವರನ್ನೇ ಕೇಳಿ." ಅವರೇ ಅತ್ತೆಯ ಕಡೆ ತಿರುಗಿದರು. "ಏನಮ್ಮಾ, ಮನೆಗೆ ಹೋಗ್ತೀಯಾ?"

"ಹೂಂ," ಎಂದರು ಅತ್ತೆ, ಪ್ರಶ್ನೆ ಮುಗಿಯುವ ಮೊದಲೇ.

ಅಷ್ಟು ಬೇಗ ಒಪ್ಪಿಕೊಳ್ಳುವವರನ್ನು ಅಮ್ಮ ಯಾವತ್ತೂ ನಂಬಿದವಳಲ್ಲ. ಆಗಲೇ ಗಂಟೆ ಹೊಡೆಯಿತು. ಅತ್ತೆ ಅಪ್ಪನ ಕೈಯಿಂದ ಕೈ ಬಿಡಿಸಿಕೊಂಡು ಎದ್ದು, ನಮ್ಮ ಕಡೆ ನೋಡದೆ, ಸಾಲಿಗೆ ಹೋಗಿ ನಿಂತರು. ಒಂದು ಕೈಗೆ ಮಾತ್ರ ಬಳೆ ಹಾಕಿ ಆಗಿತ್ತು.

ಬಸ್ಸಿನಲ್ಲಿ ಅಮ್ಮ ಮೈಸೂರು ರಸ್ತೆಯ ಉದ್ದಕ್ಕೂ ಹೊರಗೆ ನೋಡುತ್ತಿದ್ದವಳು ಮಾರ್ಕೆಟ್ಟಿನಲ್ಲಿ ಇಳಿದ ಮೇಲೆ ಅಪ್ಪನನ್ನು ಕೇಳಿದಳು: "ಬಳೆ ಪೊಟ್ಟಣ ನನ್ನ ಕಣ್ಣಿಗೆ ಬೀಳ್ಲಿ ಅಂತಲೇ ಇಟ್ಟಿದ್ರಾ?" ಅಪ್ಪ ಬಸ್ಸಿನ ಬೋರ್ಡು ಓದುವವರ ಹಾಗೆ ಮುಖ ಎತ್ತಿ ನಿಂತರು.

ಕೆಲವು ವಾರ ಕಳೆದ ಮೇಲೆ ಅಮ್ಮನೇ ಹೇಳಿದಳು. "ಕರ್ಕೊಂಡು ಬನ್ನಿ. ಆದ್ರೆ ಇವಳಿಗೆ ಗಂಡು ನೋಡೋಕೆ ಶುರು ಮಾಡಿದಾಗ ಏನಾದ್ರೂ ತೊಂದರೆ ಆಯ್ತೋ, ವಾಪಸ್ ಬಿಟ್ಟು ಬರಬೇಕು." ಅಪ್ಪ ಒಪ್ಪಿದರು. ಹೋಮಿನವರು ಇನ್ನೊಂದು ಮಾತು ಹೇಳಿ ಕಳಿಸಿದರು. ಒಂದು ಸಲ ವಾಪಸ್ಸು ಬಂದವರನ್ನು ಮತ್ತೆ ಹೊರಗೆ ಕಳಿಸುವುದು ಕಷ್ಟ, ಹೊಂದಿಕೊಳ್ಳಲು ಆಗದವರು ಎಂದು ತೀರ್ಮಾನವಾಗಿಬಿಡುತ್ತದೆ. ಅಂದರೆ ಅತ್ತೆಗೆ ಇದ್ದದ್ದು ಇದೊಂದೇ ಅವಕಾಶ.

ಅತ್ತೆ ನನ್ನ ಕೋಣೆಗೆ ಬಂದರು. ಬೆಳಗ್ಗೆ ನಾನು ಕಣ್ಣು ಬಿಟ್ಟರೆ ಅವರು ಆಗಲೇ ಎದ್ದು, ಹೊದಿಕೆಯನ್ನು ಚೌಕವಾಗಿ ಮಡಿಸಿಟ್ಟು, ಅದರ ಪಕ್ಕದಲ್ಲಿ ನಿಂತಿರುತ್ತಿದ್ದರು. ಯಾರಾದರೂ ಬಂದು ಎಣಿಸಿಕೊಂಡು ಹೋಗಬೇಕು ಎನ್ನುವ ಹಾಗೆ. ಬಚ್ಚಲಿಗೆ ಹೋಗಲೂ ಕೇಳುತ್ತಿದ್ದರು. ಊಟಕ್ಕೆ ಕೂತರೆ ಎಡಗೈಯನ್ನು ತಟ್ಟೆಯ ಸುತ್ತ ಬಳಸಿಕೊಳ್ಳುತ್ತಿದ್ದರು. ಅಮ್ಮ ಮೊದಲ ದಿನವೇ ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದಳು, ಅತ್ತೆಯನ್ನು ಎಲ್ಲರೂ ನೀವು ಎಂದೇ ಮಾತಾಡಿಸಬೇಕು. ಹೋಮಿನಲ್ಲಿ ಏ ಬಾ, ಏ ಹೋಗು ಎಂದಷ್ಟೇ ಕೇಳಿದ್ದ ಅತ್ತೆ, ನಾವು "ಬನ್ನಿ" ಎಂದರೆ ಹಿಂದೆ ತಿರುಗಿ ನೋಡುತ್ತಿದ್ದರು. ಬೇರೆ ಯಾರನ್ನೋ ಕರೆಯುತ್ತಿದ್ದೇವೆ ಅಂದುಕೊಂಡು.

ನಮ್ಮ ಬೀದಿಗೂ ಮಾಡಲು ಕೆಲಸ ಸಿಕ್ಕಿತು. ಈ ಮೋಟುಗೂದಲಿನ ಹೆಂಗಸು ಯಾರು, ಅಂಟು ಕಾಯಿಲೆಯೇ, ಗಂಡ ಬಿಟ್ಟವಳೇ, ಜೈಲಿನಿಂದ ಬಂದವಳೇ. ಅತ್ತೆ ಸುಮ್ಮನೆ ಕೂರುವವರಲ್ಲ, ಪೊರಕೆ ಸಿಕ್ಕರೆ ಗುಡಿಸುತ್ತಲೇ ಇರುತ್ತಿದ್ದರು. ಅದನ್ನು ನೋಡಿ, ಸಂಬಳವಿಲ್ಲದ ಆಳು ತಂದುಕೊಂಡಿದ್ದಾರೆ ಎಂದು ಆಡಿಕೊಂಡರು. ಪಕ್ಕದ ಮನೆಯಾಕೆಯ ಗಂಡನಿಗೆ ಕಾಮಾಕ್ಷಿಪಾಳ್ಯದಲ್ಲಿ ಲೇತ್ ವರ್ಕ್‌ಶಾಪ್ ಇತ್ತು. ಆಕೆಗೆ ಮನೆಯಲ್ಲಿ ಕೆಲಸ ಕಡಿಮೆ, ಕಾಂಪೌಂಡ್ ಗೋಡೆಯ ಹತ್ತಿರ ಕೆಲಸ ಜಾಸ್ತಿ. ಅಮ್ಮ ಲೋಕದ ಮೇಲೆ ಯಾವ ಕಣ್ಣನ್ನು ಇಟ್ಟಿದ್ದಳೋ ಅದೇ ಕಣ್ಣನ್ನು ಆಕೆ ನಮ್ಮ ಮನೆಯ ಮೇಲೆ ಇಟ್ಟಿದ್ದಳು. ಇಬ್ಬರೂ ಒಂದೇ ಗಿರಣಿಯ ಹಿಟ್ಟು ಎಂದು ನಾನು ಒಮ್ಮೆ ಹೇಳಿ ಬೈಸಿಕೊಂಡಿದ್ದೇನೆ.

ಒಂದು ಮಧ್ಯಾಹ್ನ ಅಮ್ಮ ರೊಟ್ಟಿ ಬಡಿಯುತ್ತಾ, ಇನ್ನೊಂದು ಹಾಕ್ಲಾ ಎಂದಳು. ಅತ್ತೆ ಹೂಂ ಎಂದರು. ಮತ್ತೊಂದು? ಹೂಂ. ಹಸಿವು ಜೋರಾಗಿದೆ ಎಂದು ಅಮ್ಮ ಹಾಕುತ್ತಲೇ ಹೋದಳು. ಅತ್ತೆ ತಿನ್ನುತ್ತಲೇ ಹೋದರು. ಕೊನೆಗೆ ಎದ್ದು ಬಚ್ಚಲಿಗೆ ಓಡಿ ಎಲ್ಲವನ್ನೂ ಕಕ್ಕಿಕೊಂಡರು. ಬಾಯಿ ಒರೆಸಿಕೊಂಡು ಬಂದು ಮತ್ತೆ ತಟ್ಟೆಯ ಮುಂದೆ ಕೂತರು.

"ಸಾಕಾಗಿತ್ತಾ ಅತ್ತಿಗೆ?"

"ಹೂಂ."

"ಮತ್ತೆ ಇನ್ನೂ ಬೇಕಾ?"

"ಹೂಂ."

ಅಮ್ಮ ಒಲೆ ಆರಿಸಿದಳು. ಅವತ್ತಿನಿಂದ ಅವಳ ಅನುಮಾನಕ್ಕೆ ಹೊಸ ದಾರಿ ಸಿಕ್ಕಿತು. ಚಳಿ ಆಗ್ತಿದೆಯಾ? ಹೂಂ. ಸೆಕೆ ಆಗ್ತಿದೆಯಾ? ಹೂಂ. ನಿದ್ದೆ ಬಂತಾ, ಬರಲಿಲ್ವಾ? ಎರಡಕ್ಕೂ ಹೂಂ. ಬೇಡ ಎಂದರೆ ಅಲ್ಲಿ ಏನಾಗುತ್ತಿತ್ತೋ, ಊಟ ತಪ್ಪುತ್ತಿತ್ತೋ, ಏಟು ಬೀಳುತ್ತಿತ್ತೋ, ನಮಗೆ ಗೊತ್ತಾಗಲಿಲ್ಲ. ಅತ್ತೆ ಹೇಳಲಿಲ್ಲ. "ಬೇಡ ಅನ್ನೋ ಮಾತನ್ನೇ ಕಿತ್ಕೊಂಡು ಕಳಿಸಿದಾರೆ ಕಣೇ," ಎಂದು ಅಮ್ಮ ಹಲ್ಲು ಕಚ್ಚಿದಳು. ಅವಳಿಗೆ ಅಷ್ಟು ಕೋಪ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸೀಮೆಎಣ್ಣೆಯವನ ಮೇಲೆ ಬರುತ್ತಿದ್ದ ಕೋಪ ಅದಲ್ಲ. ಅದರಲ್ಲಿ ಅಳುವೂ ಇತ್ತು.

ಮೊದಲ ಬೇಡ ಬಂದದ್ದು ಬಚ್ಚಲುಮನೆಯಲ್ಲಿ. ಅಮ್ಮ ಅತ್ತೆಯ ತಲೆಗೆ ಎಣ್ಣೆ ಹಚ್ಚಿ, ಹಂಡೆಯ ನೀರು ಹದ ಮಾಡಿ ಒಂದು ಚೊಂಬು ಸುರಿದಳಂತೆ. ಎರಡನೆಯದಕ್ಕೆ ಅತ್ತೆ ಕೈ ಅಡ್ಡ ಹಿಡಿದು "ಬೇಡ, ಬಿಸಿ" ಎಂದರಂತೆ. ಅಮ್ಮ ಒದ್ದೆ ಸೆರಗಿನಲ್ಲೇ ಅಡುಗೆಮನೆಗೆ ಬಂದು ನನ್ನ ತೋಳು ಹಿಡಿದಳು. "ನನಗೆ ಬೇಡ ಅಂದ್ರು," ಎಂದಳು. ಮಗು ಮೊದಲ ಮಾತಾಡಿದಾಗ ತಾಯಂದಿರು ಹೇಳಿಕೊಂಡು ಓಡಾಡುವುದಿಲ್ಲವೇ, ಹಾಗೆ.

ಆಮೇಲೆ ಆ ಬೇಡಗಳು ಒಂದರ ಹಿಂದೆ ಒಂದು ಬಂದವು. ಉಪ್ಪಿಟ್ಟು ಬೇಡ. ರೇಡಿಯೋ ಬೇಡ. ಆ ನೀಲಿ ಸೀರೆ ಬೇಡವೇ ಬೇಡ. ಅಮ್ಮ ದಿನವಿಡೀ ಗೊಣಗುತ್ತಿದ್ದಳು, ಇವರಿಗೆ ಏನು ಮಾಡಿದರೂ ಒಪ್ಪಿಗೆ ಇಲ್ಲ ಎಂದು. ಗೊಣಗುವಾಗ ಮುಖದಲ್ಲಿ ನಗು ಇರುತ್ತಿತ್ತು. ವಿಚಿತ್ರವೆಂದರೆ ಅತ್ತೆಯ ಬೇಡ ಅಮ್ಮನೊಬ್ಬಳಿಗೇ ಮೀಸಲು. ಅಪ್ಪ ಕೇಳಿದರೆ ಹೂಂ. ನಾನು ಕೇಳಿದರೆ ಹೂಂ. ಒಂದೇ ಕೋಣೆಯಲ್ಲಿ ಮಲಗುವ ನನಗೆ ಒಂದು ಬೇಡವೂ ದಕ್ಕಲಿಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅತ್ತೆ ಅಮ್ಮನನ್ನು ಏಕವಚನದಲ್ಲೇ ಮಾತಾಡಿಸಲು ಶುರು ಮಾಡಿದ್ದರು, ಮನೆಯ ಹಿರಿಯ ಹೆಣ್ಣುಮಗಳ ಹಾಗೆ.

ಇಷ್ಟರಲ್ಲಿ ಪಕ್ಕದ ಮನೆಯಾಕೆ ತನ್ನ ವಿಚಾರಣೆ ಶುರು ಮಾಡಿದ್ದಳು. ಅಮ್ಮ ಇಲ್ಲದ ಹೊತ್ತು ನೋಡಿ ಗೋಡೆಯ ಮೇಲಿನಿಂದ ಅತ್ತೆಯನ್ನು ಕೇಳಿದ್ದಾಳೆ. ಊಟ ಹಾಕಲ್ವಾ? ಹೂಂ. ಹೊಡೀತಾರಾ? ಹೂಂ. ಬಿಸಿನೀರು ಎರಚಿದ್ರಾ? ಬಚ್ಚಲುಮನೆಯ ಸದ್ದು ಆಕೆಗೆ ಕೇಳಿಸಿರಬೇಕು. ಅದಕ್ಕೂ ಹೂಂ. ಆಕೆ ಸುಳ್ಳು ಹೇಳಿದಳು ಎಂದು ನಾನು ಹೇಳಲಾರೆ. ಕೇಳಿದ್ದನ್ನೇ ಬೀದಿಗೆ ಹೇಳಿದಳು. ಪಾಪ ಆ ಹೆಂಗಸನ್ನು ಸಾಯಿಸುತ್ತಿದ್ದಾರೆ ಎಂದು ಬೀದಿ ಬಸವೇಶ್ವರನಗರದವರೆಗೂ ಹಬ್ಬಿಸಿತು. ಲೋಕವನ್ನೆಲ್ಲ ಅನುಮಾನಿಸಿದ್ದ ಅಮ್ಮನ ಮೇಲೆ ಲೋಕ ತಿರುಗಿ ಅನುಮಾನಪಟ್ಟಿತು. ಅಮ್ಮ ತರಕಾರಿ ಗಾಡಿಯ ಹತ್ತಿರ ಹೋದರೆ ಮಾತಾಡುತ್ತಿದ್ದವರು ಬಾಯಿ ಮುಚ್ಚುತ್ತಿದ್ದರು. ಯಾರೋ ಹೋಮಿಗೂ ಸುದ್ದಿ ಮುಟ್ಟಿಸಿದರು.

ತುರ್ತು ಪರಿಸ್ಥಿತಿಯ ಕಾಲ ಅದು. ಬೀದಿಗೆ ಜೀಪು ಬಂದರೆ ಗಂಡಸರು ಹಿಂಬಾಗಿಲಿನಿಂದ ಮರೆಯಾಗುತ್ತಿದ್ದರು, ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿಗೆ ಹಿಡಿದೊಯ್ಯುತ್ತಾರೆ ಎಂದು. ಒಂದು ದಿನ ಆ ಜೀಪು ನಮ್ಮ ಮನೆಯ ಮುಂದೆಯೇ ನಿಂತಿತು. ಇಳಿದವರು ಹೋಮಿನ ಅಧಿಕಾರಿ, ಖಾದಿ ಸೀರೆ ಉಟ್ಟು ಹೆಗಲಿಗೆ ಚರ್ಮದ ಚೀಲ ಹಾಕಿದ್ದ ಹೆಂಗಸು. ಅಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು ಎದ್ದು ಬಂದರು. ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು.

ಅಧಿಕಾರಿ ಅತ್ತೆಯನ್ನು ನಡುಮನೆಯಲ್ಲಿ ಎದುರಿಗೆ ಕೂರಿಸಿಕೊಂಡು ಮೆಲ್ಲಗೆ ಕೇಳಿದರು. "ಇಲ್ಲಿ ನಿಮಗೆ ಹೊಡೀತಾರಾ?"

"ಹೂಂ ಮೇಡಂ."

"ನಮ್ಮ ಜತೆ ವಾಪಸ್ ಬರ್ತೀರಾ?"

"ಹೂಂ ಮೇಡಂ." ಅತ್ತೆ ಎದ್ದು ಕೋಣೆಗೆ ಹೋಗಿ, ಮಡಿಸಿದ ಹೊದಿಕೆ ತಂದು, ಎದೆಗೆ ಅವುಚಿಕೊಂಡು ಬಾಗಿಲ ಬಳಿ ನಿಂತರು.

ಅಮ್ಮ ಮುಂದೆ ಬಂದಳು. "ನೀವು ಕೇಳಿದ್ರಿ, ನಾನೂ ಕೇಳ್ತೀನಿ ನೋಡಿ ಮೇಡಂ. ಅತ್ತಿಗೆ, ನಾನು ಗಂಡಸಾ?"

"ಹೂಂ."

"ಈ ಮೇಡಂ ನಿಮ್ಮ ಹೊಟ್ಟೇಲಿ ಹುಟ್ಟಿದ ಮಗಳಾ?"

"ಹೂಂ."

ಅಧಿಕಾರಿ ಚೀಲವನ್ನು ತೊಡೆಯ ಮೇಲಿಂದ ತೆಗೆದು ಕೆಳಗಿಟ್ಟರು. ಅವರು ದಡ್ಡರಲ್ಲ, ಕೆಟ್ಟವರೂ ಅಲ್ಲ. "ಅರ್ಥವಾಯ್ತು," ಎಂದರು. "ಅಲ್ಲಿ ಎಲ್ಲರೂ ಹಾಗೇ, ನಾನು ಯೋಚನೆ ಮಾಡಬೇಕಿತ್ತು. ಆದ್ರೆ ಅಮ್ಮಾ, ಹೊಡೀತಾರೆ ಅನ್ನೋ ಹೂಂ ಸುಳ್ಳು ಅಂದ್ರೆ, ಇಲ್ಲಿ ಚೆನ್ನಾಗಿದೀನಿ ಅನ್ನೋ ಹೂಂ ಕೂಡ ನಂಬೋ ಹಾಗಿಲ್ಲ. ಇವರಿಗೆ ಇಲ್ಲಿರೋಕೆ ಇಷ್ಟ ಇದೆ ಅಂತ ನಾನು ಹೇಗೆ ತಿಳ್ಕೊಳ್ಳಲಿ? ದೂರು ಬಂದಿದೆ. ಸುಮ್ಮನೆ ಬಿಟ್ಟು ಹೋಗೋಕೆ ಆಗಲ್ಲ."

"ನನಗೆ ಬೇಡ ಅಂತಾರೆ," ಎಂದಳು ಅಮ್ಮ. "ನನಗೊಬ್ಬಳಿಗೆ." ಅತ್ತೆಯ ಹತ್ತಿರ ಹೋಗಿ ಕೇಳಿದಳು. "ಅತ್ತಿಗೆ, ಹೋಮಿಗೆ ಹೋಗ್ತೀರಾ?"

ಅತ್ತೆ ಜೀಪನ್ನು ನೋಡಿದರು. ಮೇಡಂ ಅವರ ಚೀಲ ನೋಡಿದರು. "ಹೂಂ," ಎಂದರು.

ಅಮ್ಮನ ಮುಖ ನೋಡಲಾಗಲಿಲ್ಲ. ಅಪ್ಪ ಗೋಡೆಗೆ ಒರಗಿ, "ಬಿಡು, ಅವರ ಹಣೇಲಿ ಇಷ್ಟೇ ಇರೋದು," ಎಂದರು. ನನಗೆ ಅಪ್ಪನ ಮೇಲೆ ಆ ಕ್ಷಣ ಬಂದಷ್ಟು ಸಿಟ್ಟು ಮತ್ತೆ ಬಂದಿಲ್ಲ. ವರ್ಷಗಟ್ಟಲೆ ಗುಟ್ಟಾಗಿ ಬಳೆ ತೊಡಿಸಿದ ಮನುಷ್ಯ ಎಲ್ಲರ ಮುಂದೆ ಒಂದು ಮಾತು ಆಡಲಾರದೆ ನಿಂತಿದ್ದರು.

ಅಮ್ಮ ಮಾತ್ರ ಬಿಡಲಿಲ್ಲ. ಅಧಿಕಾರಿಯನ್ನು ಜಗಲಿಗೆ ಕರೆದುಕೊಂಡು ಹೋದಳು. "ಜೀಪಿನ ಮುಂದೆ ಯಾರು ತಾನೇ ಬೇಡ ಅಂತಾರೆ ಮೇಡಂ? ಈ ಬೀದಿ ಗಂಡಸರೇ ಅನ್ನಲ್ಲ. ನೀವು ಹೋದ ಹಾಗೆ ಮಾಡಿ. ಜೀಪು ಮುಂದಿನ ಕ್ರಾಸಿಗೆ ಹೋಗ್ಲಿ. ಇವಳು ನಿಮ್ಮನ್ನ ವಾಪಸ್ ಕರ್ಕೊಂಡು ಬರ್ತಾಳೆ. ಕೋಣೇಲಿ ಬಾಗಿಲ ಹಿಂದೆ ನಿಂತು ಕೇಳಿಸ್ಕೊಳ್ಳಿ."

"ನೀವು ಹೆದರಿಸಿ ಹೇಳಿಸಲ್ಲ ಅಂತ ಏನು ಗ್ಯಾರಂಟಿ?"

"ಸಂದಿಯಿಂದ ಕಾಣಿಸುತ್ತೆ. ನೋಡ್ಕೊಳ್ಳಿ."

ಅಧಿಕಾರಿ ಅಮ್ಮನನ್ನೇ ದಿಟ್ಟಿಸಿ ನೋಡಿದರು. ಅನುಮಾನದ ಜನ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಾರೆ. ಅವರು ಒಳಗೆ ಬಂದು ಚೀಲ ಎತ್ತಿಕೊಂಡು, "ಸರಿ, ಬರ್ತೀವಿ" ಎಂದು ಅತ್ತೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ ಜೀಪು ಹತ್ತಿದರು. ಕಿಟಕಿಗಳು ಬೇಸರದಿಂದ ಮುಚ್ಚಿಕೊಂಡವು. ನಾನು ಸ್ವಲ್ಪ ಹೊತ್ತು ಬಿಟ್ಟು, ದಾರ ತರುವವಳ ಹಾಗೆ ಹೋಗಿ ಅವರನ್ನು ಕರೆತಂದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೋಣೆ ಸೇರಿದೆವು. ಕೋಣೆಯ ಇನ್ನೊಂದು ಬಾಗಿಲು ಅಡುಗೆಮನೆಗೇ ತೆರೆಯುತ್ತಿತ್ತು. ಅಮ್ಮ ಅದನ್ನು ಕೈಯಗಲ ತೆರೆದು ಬಿಟ್ಟಿದ್ದಳು.

ಅತ್ತೆ ತಟ್ಟೆಯ ಮುಂದೆ ಕೂತಿದ್ದರು. ಹೊದಿಕೆ ಇನ್ನೂ ತೊಡೆಯ ಮೇಲೇ ಇತ್ತು. ಅಮ್ಮ ರೊಟ್ಟಿ ಹಾಕಿದಳು.

"ಪಲ್ಯ ಹಾಕ್ಲಾ?"

"ಹೂಂ."

"ಬದನೆಕಾಯಿ. ಖಾರ ಆಗಿದೆಯಾ?"

"ಹೂಂ."

ಅಧಿಕಾರಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಮುಗಿಯಿತು ಅನ್ನಿಸಿತು. ಜೀಪು ಹೋದರೂ ಅತ್ತೆಯ ಒಳಗಿನಿಂದ ಜೀಪು ಹೋಗಿರಲಿಲ್ಲ.

ಅಮ್ಮ ಕೇಳುವುದನ್ನು ನಿಲ್ಲಿಸಿದಳು. ತಾನೂ ಒಂದು ತಟ್ಟೆ ತೆಗೆದುಕೊಂಡು ಅತ್ತೆಯ ಪಕ್ಕದಲ್ಲೇ ಕೂತು ಉಣ್ಣತೊಡಗಿದಳು. ಗಂಡನಿಗಿಂತ ಮೊದಲು ಅವಳು ಉಂಡದ್ದನ್ನು ನಾನು ಅವತ್ತೇ ನೋಡಿದ್ದು. ಉಣ್ಣುತ್ತಾ ಎಂದಿನ ಹಾಗೆ ಗೊಣಗಿದಳು. ಪಕ್ಕದ ಮನೆಯವಳ ನಾಲಿಗೆಗೆ ಮೂಳೆ ಇಲ್ಲ ಎಂದಳು, ಈ ಸಲದ ಜೋಳದಲ್ಲಿ ಕಲ್ಲಿದೆ ಎಂದಳು, ನನಗೆ ಇನ್ನೂ ರೊಟ್ಟಿ ದುಂಡಗೆ ಬಡಿಯಲು ಬರುವುದಿಲ್ಲ, ಗಂಡನ ಮನೆಯಲ್ಲಿ ಮಾನ ಕಳೆಯುತ್ತೇನೆ ಎಂದಳು. ಪರರ ಮುಂದೆ ನನ್ನ ಮಾನ ಕಳೆಯುತ್ತಿರುವುದು ತಾನೇ ಎನ್ನುವುದು ಅವಳಿಗೆ ನೆನಪಿತ್ತೋ ಇಲ್ಲವೋ. ಅತ್ತೆ ಒಂದು ತುತ್ತು ತಿಂದರು, ಇನ್ನೊಂದು ತಿಂದರು. ತೊಡೆಯ ಮೇಲಿನ ಹೊದಿಕೆ ಜಾರಿತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಕೈ ಚಾಚಿ ಅಮ್ಮನ ತಟ್ಟೆಗೆ ತಮ್ಮ ಬದನೆಕಾಯಿಯ ಹೋಳುಗಳನ್ನು ಒಂದೊಂದಾಗಿ ಹಾಕಿದರು.

"ಯಾಕೆ?"

"ಬೇಡ."

ಅಮ್ಮ ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುತ್ತಲೇ, ಉಪ್ಪು ಕೇಳಿದ ಹಾಗೆ ಕೇಳಿದಳು. "ಹೋಮಿಗೆ ಹೋಗ್ತೀರಾ ಅತ್ತಿಗೆ?"

ಅತ್ತೆ ಬಾಯಲ್ಲಿದ್ದದ್ದನ್ನು ಪೂರ್ತಿ ನುಂಗಿದರು.

"ನೀ ಹೋಗು," ಎಂದರು.

ನನ್ನ ಪಕ್ಕದಲ್ಲಿ ಅಧಿಕಾರಿ ಬಾಯಿಗೆ ಸೆರಗು ಒತ್ತಿಕೊಂಡರು. ಒಳಗೆ ಅಮ್ಮನ ಕೈ ತಟ್ಟೆಯಲ್ಲೇ ನಿಂತಿತ್ತು. "ನಾನಾ? ನಾನು ಹೋದ್ರೆ ರೊಟ್ಟಿ ಯಾರು ಬಡೀತಾರೆ?"

ಅತ್ತೆ ಇದನ್ನು ಬಹಳ ಹೊತ್ತು ಯೋಚಿಸಿದರು. ನಾನು ಕ್ಲಾಸಿಗೆ ಹೋಗುವವಳು, ನನ್ನ ರೊಟ್ಟಿ ದುಂಡಗೆ ಬರುವುದಿಲ್ಲ, ಅಪ್ಪನಿಗೆ ಒಲೆ ಹಚ್ಚಲೂ ಬರುವುದಿಲ್ಲ. ಇವನ್ನೆಲ್ಲ ಅವರು ಮನಸ್ಸಿನಲ್ಲೇ ತೂಗಿ ನೋಡಿದರು ಅಂತ ಕಾಣುತ್ತದೆ.

"ಹಾಗಾದ್ರೆ ನೀನೂ ಇರು," ಎಂದರು.

ಅಧಿಕಾರಿ ಚೀಲ ಹೆಗಲಿಗೇರಿಸಿ, ಸದ್ದಾಗದಂತೆ ನಡುಮನೆ ದಾಟಿ, ಬಾಗಿಲಲ್ಲಿದ್ದ ಚಪ್ಪಲಿಯನ್ನು ಮೆಟ್ಟದೆ ಕೈಯಲ್ಲಿ ಎತ್ತಿಕೊಂಡರು. ಅತ್ತೆಯನ್ನು ಇನ್ನೊಂದು ಮಾತು ಕೇಳದೆ, ಬರಿಗಾಲಲ್ಲೇ ಬಿಸಿಲಿನ ಬೀದಿಗೆ ಇಳಿದು ಹೋದರು. ನಾನು ಅಡುಗೆಮನೆಗೆ ಬಂದಾಗ ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ಹೆಂಗಸು ಅತ್ತೆಗೆ ಹೇಳುತ್ತಿದ್ದಳು, "ಹೂಂ ಅತ್ತಿಗೆ. ಇರ್ತೀನಿ."